ಬೆಂಕಿಪೊಟ್ಟಣದಲ್ಲಿ ಬಂದದ್ದು

ಹನ್ನೊಂದನೇ ದಿನಕ್ಕೆ ಬಂದರು ಚಿಕ್ಕಬೋರಯ್ಯ.
ಗುತ್ತಲು ರಸ್ತೆಯ ಕ್ಲಿನಿಕ್ಕು, ಮಹಡಿಗೆ ಮೆಟ್ಟಿಲು ಹದಿನಾಲ್ಕು,
ಏದುಸಿರು ಇಳಿಯುವ ಮೊದಲೇ ಮೇಜಿನ ಮೇಲೊಂದು ಬೆಂಕಿಪೊಟ್ಟಣ.
ಒಳಗೆ ಗೀರದ ಎರಡು ಕಡ್ಡಿ, ಪಕ್ಕದಲ್ಲಿ
ನಾನು ಕೂರಿಸಿದ್ದ ಫಿಲ್ಲಿಂಗು,
ಮುಕ್ಕಾಗದೆ, ಬಿರಿಯದೆ, ಇಡಿಗೆ ಇಡಿಯಾಗಿ
ಅಚ್ಚಿನಿಂದ ಕವುಚಿದ ಬೆಲ್ಲದ ಹಾಗೆ.

'ಕಬ್ಬು ಸಿಗಿದ್ರಾ?'
'ಇಲ್ಲ ಕಣವ್ವ, ಮುದ್ದೆ ನುಂಗಿದ್ದು.'
'ಮೂಳೆ?'
'ಸ್ವಾಮಾರ ಕಣವ್ವ.'
ಮುದ್ದೆಗೆ ಹಲ್ಲು ಬೇಕಿಲ್ಲ, ಗೊತ್ತು.
ಆದರೂ ಕಾರ್ಡಿನಲ್ಲಿ ಬರೆದೆ: ಗಟ್ಟಿ ಪದಾರ್ಥ ಕಡಿದಿದ್ದಾರೆ.
ಬರೆದು, ನಲ್ಲಿ ತಿರುಗಿಸಿ, ಕೈ ತೊಳೆದುಕೊಂಡೆ.
ಶುಕ್ರವಾರ ಬನ್ನಿ ಎಂದೆ.

ರಾತ್ರಿ ನಸೀಮಾ ಬಾಗಿಲೆಳೆದು ಹೋದ ಮೇಲೆ
ಅದನ್ನು ಭೂತಗನ್ನಡಿಯ ಕೆಳಗೆ ಮಗುಚಿ ನೋಡಿದೆ.
ತಳ ನುಣ್ಣಗೆ.
ಹಿಡಿದದ್ದನ್ನು ಕಿತ್ತರೆ ಎರಡೂ ಕಡೆ ಗಾಯ ಇರಬೇಕು.
ಗಾಯವೇ ಇಲ್ಲ.
ಇದು ಬಿಟ್ಟದ್ದಲ್ಲ,
ಹಿಡಿದೇ ಇರಲಿಲ್ಲ.

ಎಡಗಡೆ ಕೆಳದವಡೆ. ಬೇರಿನೊಳಗೆ ನಾಲೆ ಮೂರು,
ಹೊಲಿಗೆಯ ದಾರಕ್ಕೂ ಇಕ್ಕಟ್ಟು.
ಬ್ಲೀಚಿನ ನೀರು ಹಾಯಿಸಿ ಹಾಯಿಸಿ ತೊಳೆದಿದ್ದೆ,
ಒಂದು ಕ್ರಿಮಿಯೂ ಉಳಿಯಬಾರದೆಂದು,
ಅರ್ಧ ಗಂಟೆ, ಹೆಮ್ಮೆಯಿಂದ.
ಕ್ರಿಮಿ ಸತ್ತವು. ಜೊತೆಗೆ
ಡೆಂಟಿನ್ನಿನ ನಾರು, ಅಂಟು ಬೆರಳಿಟ್ಟು ಹಿಡಿಯುವ
ಆ ಸಣ್ಣ ಹೆಣಿಗೆಯೂ ಅಷ್ಟಷ್ಟು ಕರಗಿತು.
ಬ್ಲೀಚು ಬಿಟ್ಟುಹೋದ ಆಮ್ಲಜನಕ
ತೂತು ತೂತಿನಲ್ಲೂ ಕೂತು
ಅಂಟನ್ನು ಗಟ್ಟಿಯಾಗಲು ಬಿಡಲಿಲ್ಲ.
ನಾನು ಬದುಕಿರುವುದೇ ಅದನ್ನು ಉಸಿರಾಡಿ,
ಎಷ್ಟು ಹೊತ್ತು ಅದನ್ನೇ ಬೈದುಕೊಂಡು ಕೂತಿದ್ದೆ.

ಶುಕ್ರವಾರ, ಮಾಸ್ಕು ಇಳಿಸಿ ಹೇಳಿದೆ:
ತಪ್ಪು ನಿಮ್ಮದಲ್ಲ, ನನ್ನದು.
ತೊಳೆದದ್ದು ಸರಿ, ತೊಳೆದ ಮೇಲೆ ಮಾಡಬೇಕಾದದ್ದು ಮಾಡಲಿಲ್ಲ.

ಕುರ್ಚಿಯಲ್ಲಿ ಮಲಗಿದ್ದಲ್ಲಿಂದಲೇ ನಕ್ಕರು.
ಕೆರಗೋಡಿನ ಕಡೆ ಆಲೆಮನೆಯಲ್ಲಿ ಮೂವತ್ತು ವರ್ಷ
ಕೊಪ್ಪರಿಗೆಯ ಮಡ್ಡಿ ತೆಗೆದವರು.
'ಬೆಲ್ಲಾನೂ ಅಂಗೇಯ ಕಣವ್ವ.
ಬೆಂಡೆ ಲೋಳೆ ಆಕುದ್ರೆ ಒಸಿ ಕಪ್ಪು, ಆದ್ರೆ ಇಡ್ಕಂಡಿರ್ತದೆ.
ಹೈಡ್ರೋಸ್ ಸುರುದ್ರೆ ಬೆಳ್ಳಗೆ ಬತ್ತದೆ, ರೇಟೂ ಬತ್ತದೆ,
ಮಳೆಗಾಲಕ್ಕೆ ಬೆವರ್ಕಂಡು ಕೂತ್ಕತದೆ.'

ಈ ನೀರನ್ನು ಹತ್ತು ನಿಮಿಷ ಒಳಗೆ ನಿಲ್ಲಿಸಬೇಕು ಎಂದೆ.
ನೆಲ್ಲಿಕಾಯಲ್ಲಿರುವುದೇ,
ಸೋಡಿಯಂ ಜೊತೆ ಸಂಸಾರ ಹೂಡಿ ಹುಳಿ ಬಿಟ್ಟದ್ದು.
ಬ್ಲೀಚು ಉಳಿಸಿಹೋದದ್ದನ್ನು ಇದು ಕುಡಿದುಬಿಡುತ್ತದೆ.
ಕರಗಿದ ನಾರು ಮರಳುವುದಿಲ್ಲ, ಅದನ್ನೂ ಹೇಳಿದೆ.
ಇರುವುದರಲ್ಲೇ ಹಿಡಿಸಬೇಕು.

ಬಾಯಿ ತೆರೆದವರ ಜೊತೆ ಹತ್ತು ನಿಮಿಷ ಏನು ಮಾತು.
ನಸೀಮಾಳ ಕೈಯಲ್ಲಿ ಜೊಲ್ಲೆಳೆಯುವ ಕೊಳವೆ ಗೊರಗೊರ.
ಕೆಳಗೆ ಕಬ್ಬಿನ ಟ್ರಾಕ್ಟರೊಂದು ತಿರುವಿನಲ್ಲಿ ಸಿಕ್ಕಿಕೊಂಡು
ಊರೆಲ್ಲ ಹಾರನ್ನು ಹೊಡೆಯುತ್ತಿತ್ತು.
ನಾನು ಕಾರ್ಡು ತೆಗೆದು ಸೋಮವಾರದ ಸಾಲು ಹೊಡೆದುಹಾಕಿದೆ,
ಒಂದೇ ಗೆರೆ,
ಹೊಡೆದದ್ದೂ ಓದಲು ಬರುವಂತೆ.

ಆಮೇಲೆ ತೊಳೆದು, ಪೂರ್ತಿ ಒಣಗಲು ಬಿಡದೆ, ಅಂಟು.
ನೀಲಿ ಬೆಳಕು, ಇಪ್ಪತ್ತು ಎಣಿಸುವವರೆಗೆ.
ಕಚ್ಚಿ, ಎಂದೆ. ಕಚ್ಚಿದರು. ಇನ್ನೊಮ್ಮೆ.
ಹಿಡಿದಿದೆಯೋ ಇಲ್ಲವೋ ಈ ಹೊತ್ತು ಹೇಳುವಂತಿಲ್ಲ.
ಮುದ್ದೆ ನುಂಗುವವರ ಬಾಯಲ್ಲಿ
ಫಲಿತಾಂಶ ತಡ.

ಹೊರಡುವಾಗ ಬೆಂಕಿಪೊಟ್ಟಣ ಕೇಳಿ ಇಸಿದುಕೊಂಡರು.
ಒಳಗಿನ ಹಳೆಯದು ಯಾಕೆ ಎಂದರೆ
'ಇರ್ಲಿ ಬುಡವ್ವ, ಅಚ್ಚು ಚೆಂದಾಗದೆ.'

ಕೊನೆಯ ಮೆಟ್ಟಿಲಲ್ಲಿ ಕಡ್ಡಿ ಗೀರಿದ ಸದ್ದು.
ಬೀಡಿ ಬೇಡ ಎಂದು ಕೂಗಲು ಕಿಟಕಿಗೆ ಹೋದವಳು
ಇವತ್ತೊಂದು ದಿನ
ಸುಮ್ಮನಾದೆ.