ಅರ್ಧ ವಾಂಟೊ

ಆ ಬೇಸಿಗೆ ಫಿಲಡೆಲ್ಫಿಯಾದಲ್ಲಿ ಕಿಟಕಿ ಮುಚ್ಚಿಯೇ
ಕೂತಿದ್ದರಂತೆ, ಗುಟ್ಟು ಸೋರಬಾರದೆಂದು.
ನಾವು ಮುಚ್ಚಿದ್ದು ಬೈತಖೋಲದ ಗಾಳಿಗೆ.
ಒಣಮೀನಿನ ವಾಸನೆ ಹೊತ್ತು ಬಂದು
ಹಾಜರಿ ಪುಸ್ತಕದ ಹಾಳೆ ಹಾರಿಸುತ್ತದೆ.
ಮಧ್ಯಾಹ್ನ ಎರಡರ ಪಿರಿಯಡ್ಡು. ಹದಿನೇಳು ಮಕ್ಕಳು,
ನಾಲ್ಕು ತಿಂಗಳಿಂದ ಗೌರವಧನ ಕಾಣದ ನಾನು,
ಬೋರ್ಡಿನ ಮೇಲೆ ಹದಿಮೂರು ಚೌಕ.
ಒಂದು ರಾಜ್ಯ ಆ ಸಭೆಗೆ ಬರಲೇ ಇಲ್ಲ, ನೆನಪಾಗಿ
ಕೊನೆಯ ಚೌಕ ಅಂಗೈಯಲ್ಲಿ ಒರೆಸಿದೆ.

ಚಿಕ್ಕದು ದೊಡ್ಡದನ್ನು ನಂಬುವುದಿಲ್ಲ, ದೊಡ್ಡದಕ್ಕೆ
ತನ್ನ ತಲೆಯೆಣಿಕೆಯ ಗರ್ವ. ಜಗಳಾಡಿ ಜಗಳಾಡಿ
ಕೊನೆಗೆ ಎರಡು ಸದನ ಮಾಡಿದರು:
ಒಂದರಲ್ಲಿ ಜನ ಎಣಿಸಿ ಕುರ್ಚಿ,
ಇನ್ನೊಂದರಲ್ಲಿ ಯಾರು ಎಷ್ಟೇ ದೊಡ್ಡವರಿರಲಿ, ಎರಡೇ.
ಬರೆದುಕೊಳ್ಳಿ, ಐದು ಅಂಕಕ್ಕೆ ಬರುತ್ತದೆ, ಅಂದೆ.

ಹಿಂದಿನ ಬೆಂಚಿನ ಸುಲಕ್ಷಾ ತಾಂಡೇಲ,
ಮಾಜಾಳಿಯವಳು, ಬಾಯಿಬಿಡದವಳು,
"ಸರ್, ಇದು ನಮ್ಮ ರಂಪಣಿ" ಅಂದಳು.
ಎಲ್ಲರೂ ನಕ್ಕರು.

ಅವಳು ನಗಲಿಲ್ಲ. ಎದ್ದು ಬಂದು ಸೀಮೆಸುಣ್ಣ ತೆಗೆದುಕೊಂಡಳು.
"ರಂಪಣಿ ಒಬ್ಬರ ಬಲೆಯಲ್ಲ ಸರ್. ಮನೆಗೊಂದು ತುಂಡು.
ಅಜ್ಜ ಹೆಣೆದ ತುಂಡಿಗೆ ಪಕ್ಕದ ಮನೆಯ ತುಂಡು ಹೊಲಿದು,
ಅದಕ್ಕೆ ಮತ್ತೊಂದು, ಎಂಬತ್ತು ಮನೆ ಸೇರಿದರೆ
ದಡದಿಂದ ಹೊರಟು ದಡಕ್ಕೇ ಬರುವಷ್ಟು ಉದ್ದ.
ತುಂಡು ಹರಿದರೆ ಅವರವರೇ ಹೆಣೆಯಬೇಕು.
ಹೊಲಿಗೆ ಬಿಟ್ಟರೆ ಎಲ್ಲರೂ."

ನಾನು ಪುಸ್ತಕ ಮಡಿಸಿದೆ.
ಒಕ್ಕೂಟದ ಕೈಗೆ ಕೊಡದೆ ಉಳಿದದ್ದು
ಆಯಾ ರಾಜ್ಯದ್ದು, ಇಲ್ಲವೇ ಜನರದ್ದು
ಎಂಬ ಹತ್ತನೇ ತಿದ್ದುಪಡಿಗೆ
ನನ್ನ ಹಳದಿ ನೋಟ್ಸಿನಲ್ಲಿ ಇಷ್ಟು ಚೊಕ್ಕ ಟಿಪ್ಪಣಿ ಇರಲಿಲ್ಲ.
"ಮತ್ತೆ, ಬಿದ್ದ ಮೀನು?" ಕೇಳಿದೆ. ಮೇಷ್ಟ್ರ ಚಟ.

"ಎರಡು ಲೆಕ್ಕ. ಬಲೆ ಎಷ್ಟಿದೆಯೋ ಅದಕ್ಕೊಂದು ವಾಂಟೊ,
ಹಗ್ಗ ಎಳೆಯಲು ಬಂದವರಿಗೆ ಒಂದು.
ದೊಡ್ಡ ಮನೆಯವನಾದರೂ ಕೈ ಎರಡೇ ಅಲ್ವಾ ಸರ್."

ಚೌಕದಿಂದ ಚೌಕಕ್ಕೆ ಗಂಟು ಹಾಕುತ್ತ ಹೋದಳು.
ನ್ಯೂಜೆರ್ಸಿ ದೇವಬಾಗದ ಪಕ್ಕ ಮರಳಿನಲ್ಲಿ ಕೂತಿತು.
ವರ್ಜೀನಿಯಾ ಚೆಂಡಿಯಾದ ಹಿರಿಯರಂತೆ ಗಂಟಲು ಸರಿಮಾಡಿಕೊಂಡಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು.
ಬೆಲ್ಲಿಗೆ ಇನ್ನೂ ಹನ್ನೆರಡು ನಿಮಿಷ, ಪಾಠ ಮುಂದಿತ್ತು:
ಗುಲಾಮರನ್ನು ಎಣಿಸುವುದೋ ಬಿಡುವುದೋ ಎಂದು ತಕರಾರಾಗಿ
ಐದು ತಲೆಗೆ ಮೂರು ಎಂದು ಬರೆದರು.
ಓಟು ಅವರಿಗಲ್ಲ. ಅವರ ಲೆಕ್ಕದ ಕುರ್ಚಿ ಒಡೆಯರ ನಾಡಿಗೆ.
ಗುಲಾಮ ಎಂಬ ಮಾತನ್ನು ಅಲ್ಲಿ ಬರೆಯಲಿಲ್ಲ,
'ಇತರ ವ್ಯಕ್ತಿಗಳು' ಎಂದರು.

ಸೀಮೆಸುಣ್ಣ ಅವಳ ಕೈಯಲ್ಲೇ ಇತ್ತು.
"ಅಪ್ಪ ಸಮುದ್ರಕ್ಕೆ ಹೋದವನು ಬರಲಿಲ್ಲವಲ್ಲ,
ಆಮೇಲೆ ಅಮ್ಮನಿಗೆ ಅರ್ಧ ವಾಂಟೊ.
ಹಗ್ಗ ಅವಳೂ ಎಳೆಯುತ್ತಿದ್ದಳು ಸರ್, ಅಂಗೈ ನೋಡಬೇಕು ನೀವು.
ಪಟ್ಟಿಯಲ್ಲಿ ಹೆಸರಿಲ್ಲ.
'ಪುರ್ಸೊನ ಮನೆ' ಅಂತ ಇರುತ್ತಿತ್ತು."

ಯಾರೋ ಕಿಟಕಿ ತೆಗೆದರು. ಹಾಜರಿ ಪುಸ್ತಕ
ತಾನಾಗಿ ಪುಟ ಮಗುಚಿಕೊಂಡಿತು.

"ಆ ಐದಕ್ಕೆ ಮೂರು... ಎಷ್ಟು ವರ್ಷಕ್ಕೆ ಹೋಯಿತು?"
ಎಂಬತ್ತೊಂದು, ಅಂದೆ. ನಡುವೆ ಒಂದು ಯುದ್ಧ.
ಕಾಗದದ ಮೇಲೆ ಹೋಯಿತು, ಅಂತಲೂ ಸೇರಿಸಿದೆ.
ಅವಳು ತುಟಿಯಲ್ಲೇ ಲೆಕ್ಕ ಹಾಕಿದಳು.
"ಅಮ್ಮನಿಗೆ ಈಗ ಐವತ್ತಾರು."

ಬೆಲ್ಲಾಯಿತು. ಬೋರ್ಡು ಒರೆಸಬೇಕಾದವನು
ಹಾಗೇ ಹೊರಗೆ ಬಂದೆ.

ಮರುದಿನ ಅರ್ಥಶಾಸ್ತ್ರದ ಮೇಡಂ ನಗುತ್ತ ಕೇಳಿದರು:
ಹನ್ನೆರಡು ಚೌಕ ಅಮೆರಿಕದ್ದೇ, ಗೊತ್ತಾಯಿತು,
ಒರೆಸಿದ ಜಾಗದಲ್ಲಿ ಯಾರೋ ದಪ್ಪಕ್ಕೆ
'ಶೆವಂತಿ' ಅಂತ ಬರೆದಿದ್ದಾರಲ್ಲ,
ಅದು ಯಾವ ರಾಜ್ಯ?