ನಗುವಿನ ಬೆನ್ನು

ಹಗಲೆಲ್ಲ ನಾನು ಬಾಯಿ ನೋಡುವವಳು.
ಟಾಡ್ಮರ್ಡನ್ನಿನ ಹಲ್ಲಿನ ಡಾಕ್ಟರ ಪಕ್ಕ
ಎಂಜಲು ಹೀರುವ ಕೊಳವೆ ಹಿಡಿದು ನಿಂತು
ಆ ಅನ್ನಿ, ಇನ್ನಷ್ಟು ಅಗಲ, ಆಯ್ತು, ಉಗುಳಿ.
ಅಷ್ಟೊಂದು ತೆರೆದ ಬಾಯಿ,
ಒಂದರಲ್ಲೂ ನಗುವಿಲ್ಲ.

ಸಂಜೆ ಏಳೂವರೆಗೆ ಪಬ್ಬಿನ ಅಟ್ಟದಲ್ಲಿ
ನಲವತ್ತೆರಡು ಕುರ್ಚಿಗಳ ಹಿಂದೆ
ದೀಪದ ಗುಂಡಿಗಳ ಮುಂದೆ ಕೂತರೆ
ನಗುವಿದೆ, ಬಾಯಿ ಕಾಣದು.
ಬರೀ ಬೆನ್ನು.

ಆಟ ಹಳೆಯದು, ಅರವತ್ತೊಂದರದು.
ಊರ ಗಡಿಯಾರವನ್ನೇ ಅಡವಿಟ್ಟು
ಜೂಜಾಡಿ ಸೋತ ಮೇಯರನ ಕತೆ, ಹಾಡು ಹದಿನಾಲ್ಕು.
ಆಗ ಇಪ್ಪತ್ತೆರಡು ವಾದ್ಯ, ನಲವತ್ತು ಜನ,
ಒಂದು ನಿಜವಾದ ಕುದುರೆ.
ಈಗ ಆರು ಜನ. ಕುದುರೆಗೆ ಒಂದು ಪೊರಕೆ.
ಕ್ಲಿಫರ್ಡನ ಪಿಯಾನೊ, ಅದರಲ್ಲೊಂದು ಕೀಲಿ ಮೂಕ.

ಮೊದಲ ರಾತ್ರಿ ಹನ್ನೊಂದು ಮಂದಿ.
ಹನ್ನೊಂದು ಮಂದಿ ನಗಲು ನಾಚುತ್ತಾರೆ:
ಯಾರ ನಗು ಯಾರದೆಂದು ಗೊತ್ತಾಗಿಬಿಡುತ್ತದಲ್ಲ.

ಬುಧವಾರ ಹೊತ್ತಿಗೆ ಕಲಿತೆ, ನಗು
ಮೊದಲು ಬರುವುದು ಹೆಗಲಿಗೆ,
ಆಮೇಲೆ ಕತ್ತಿಗೆ. ಕಿವಿ ಕೆಂಪಾಗುತ್ತದೆ.
ಸದ್ದು ಬರುವುದು ಎಲ್ಲಕ್ಕಿಂತ ಕೊನೆಗೆ.
ಮೂರನೆಯ ಸಾಲಿನ ದಪ್ಪ ಸ್ವೆಟರಿನವನಿಗೆ
ಅದೂ ತಡ. ಎಲ್ಲರೂ ಮುಗಿಸಿದ ಮೇಲೆ
ಒಬ್ಬನೇ ಗೊಳ್ಳೆಂದ,
ಅವನ ನಗುವಿಗೆ ಉಳಿದವರೆಲ್ಲ ನಕ್ಕರು.
ಮರುದಿನ ನಟರು ಅವನಿಗೆಂದೇ ಒಂದು ಗಳಿಗೆ ನಿಂತರು.
ಅವನು ಬಂದಿರಲಿಲ್ಲ.

ಅತ್ತೆಯ ಮೇಲಿನ ಜೋಕು ದಿನಾ ಸತ್ತಿತು.
ಆಗೆಲ್ಲ ಅದಕ್ಕೆ ಆಟವೇ ನಿಲ್ಲುತ್ತಿತ್ತಂತೆ.
ಈಗ ಒಂದು ಕುರ್ಚಿ ಕಿರುಗುಟ್ಟುತ್ತದೆ,
ಯಾರೋ ಚಿಪ್ಸಿನ ಪೊಟ್ಟಣ ಮೆಲ್ಲಗೆ ಮಡಚುತ್ತಾರೆ.
ಕತ್ತಲಲ್ಲಿ ನಾನೊಬ್ಬಳು ಕಿಸಕ್ಕೆಂದೆ.
ನಮ್ಮತ್ತೆಗೆ ಹೇಳಬೇಡಿ.

ಎಂಟು ನಲವತ್ತಕ್ಕೆ, ಪ್ರೇಮಗೀತೆಯ ನಟ್ಟನಡುವೆ,
ಕಮಾನು ಸೇತುವೆಯ ಮೇಲೆ ಮ್ಯಾಂಚೆಸ್ಟರಿನ ರೈಲು.
ಗ್ಲಾಸುಗಳು ಗಿಣಿಗಿಣಿ, ಮೇಯರನ ಮೀಸೆ ಕೂಡ.
ಮೊದಲೆರಡು ದಿನ ಹುಡುಗಿ ರೈಲಿನ ಮೇಲೆಯೇ ಕಿರುಚಿದಳು.
ಮೂರನೆಯ ದಿನ ಸುಮ್ಮನೆ ಸ್ವರ ಹಿಡಿದು
ಸೂರು ನೋಡುತ್ತ ನಿಂತಳು, ಕೊನೆಯ ಡಬ್ಬಿ ದಾಟುವವರೆಗೆ.
ಜನ ರೈಲಿಗೆ ಚಪ್ಪಾಳೆ ತಟ್ಟಿದರು.
ಅದೂ ಆಟದೊಳಗಿನದೇ ಅಂದುಕೊಂಡಿದ್ದರು ಪಾಪ.

ಶನಿವಾರ ಭರ್ತಿ. ಮುಂದಿನ ಸಾಲಲ್ಲಿ
ಎನಿಡ್ ಆರ್ಮರಾಡ್, ಎಂಬತ್ತಮೂರು.
ಅರವತ್ತೊಂದರ ಮೇಳದಲ್ಲಿ
ಬಲದಿಂದ ಮೂರನೆಯವಳು, ಕುದುರೆಯ ಪಕ್ಕ.
ಅವಳ ಬಿಳಿಯ ತುರುಬು ತಾಳ ಹಾಕುತ್ತಿತ್ತು,
ಪಿಯಾನೊಗಿಂತ ಅರ್ಧ ಮಾತ್ರೆ ಮುಂದೆ.
ಕೊನೆಯ ಹಾಡಿಗೆ ಕ್ಲಿಫರ್ಡನ ಬೆರಳು
ಮೂಕ ಕೀಲಿಯ ಮೇಲೆ ಬಿದ್ದಾಗ
ಅಲ್ಲಿರಬೇಕಾಗಿದ್ದ ಆ ಒಂದೇ ಸ್ವರ
ಮುಂದಿನ ಸಾಲಿನಿಂದ ಬಂತು.
ತೆಳ್ಳಗೆ, ಕೊಂಚ ಬಿರುಕು, ಆದರೆ ಅದೇ.

ಚಪ್ಪಾಳೆ ಬಿತ್ತು, ಅಳೆದು ಸುರಿದ ಅಕ್ಕಿಯ ಹಾಗೆ.
ಸಾಲಲಿಲ್ಲ ನನಗೆ.
ನಮ್ಮ ಸೋದರತ್ತೆ ಹೇಳುತ್ತಿದ್ದಳು,
ದಾವಣಗೆರೆಗೆ ಕಂಪನಿ ಬಂದಾಗ
ಸತ್ತು ಬಿದ್ದ ರಾಜ, ಜನ ಕೂಗಿದರೆಂದು,
ಎದ್ದು ಕಿರೀಟ ಸರಿಮಾಡಿ ಇನ್ನೊಮ್ಮೆ ಹಾಡಿ
ಇನ್ನೊಮ್ಮೆ ಸತ್ತ.
ಆ ರಕ್ತ ಗಂಟಲಿಗೆ ಬಂತೋ ಏನೋ,
ಎದ್ದು ನಿಂತು ಕೂಗಿದೆ: ಒನ್ಸ್ ಮೋರ್!

ಅವರದೇ ಮಾತು, ಅವರಿಗೇ ಹೊಸದು.
ಎದ್ದ ರಭಸಕ್ಕೆ ಮೊಣಕೈ ತಗುಲಿ
ಕೋಣೆಯ ದೀಪವೆಲ್ಲ ಭಗ್ಗನೆ ಹತ್ತಿ,
ನಲವತ್ತೆರಡು ಬೆನ್ನೂ ತಿರುಗಿದವು.

ಬಾಯಿಗಳು! ತೆರೆದ ಬಾಯಿಗಳು, ನಾನು
ಹೇಳದೆಯೇ ಅಗಲವಾದವು,
ಬೆಳ್ಳಿ ತುಂಬಿದ ದವಡೆ, ಸಂದು ಬಿಟ್ಟ ಮುಂಬಲ್ಲು,
ಎನಿಡಜ್ಜಿಯದು ಮೇಲಿನ ಸೆಟ್ಟು, ನಮ್ಮಲ್ಲೇ ಮಾಡಿಸಿದ್ದು,
ಅದನ್ನು ನಗುವಾಗ ನೋಡಿದ್ದು ಇದೇ ಮೊದಲು.
ಕ್ಲಿಫರ್ಡ್ ಭುಜ ಹಾರಿಸಿ
ಮತ್ತೆ ಮೊದಲಿಂದ ಶುರುಮಾಡಿದ.

ಗುರುವಾರದ ಪತ್ರಿಕೆಯಲ್ಲಿ ನಾಲ್ಕು ಸಾಲು.
ಹುರುಪಿನ ಪ್ರಯತ್ನ. ಪಿಯಾನೊ ಪರವಾಗಿಲ್ಲ.
ರೈಲಿನ ದೃಶ್ಯ ಕಲ್ಪನಾಶೀಲ.
ದೀಪ ಮಾತ್ರ ಒಂದು ಕಡೆ ಎಡವಿತು.