ಮೂರು ಚೂರು ಬನಿಯನ್

ಶೆಟ್ಟರ ಅಂಗಡಿಯಲ್ಲಿ ಅಪ್ಪ ಅರ್ಧ ಗಂಟೆ ನಿಂತಿದ್ದನಂತೆ
ಕನ್ನಡಕ ಹಣೆಗೇರಿಸಿ, ಡಬ್ಬಿಯ ಬೆನ್ನು ಮೂಗಿಗೆ ಹಿಡಿದು
ಇರುವೆ ಸಾಲಿನಂಥ ಅಕ್ಷರ ಓದುತ್ತ.
ಡಬ್ಬಿಯ ಮೇಲೆ ನಗುತ್ತಿದ್ದ ಮಗುವಿಗೆ ಆಗಲೇ ಹಲ್ಲು.
"ಇದು ನಮ್ಮದಕ್ಕಿಂತ ದೊಡ್ಡದು ಕಣಪ್ಪ,
ಹನ್ನೊಂದು ದಿನದ್ದಕ್ಕೆ ಯಾವುದೈತೆ, ತೋರ್ಸು."

ಷುಗರ್ ಫ್ಯಾಕ್ಟರಿಯ ಗೇಟಿನಲ್ಲಿ
ಮೂವತ್ತೊಂದು ವರ್ಷ ಕಬ್ಬಿನ ಗಾಡಿ ತೂಗಿದವನು,
ಕಿಲೋ ಹೆಚ್ಚಿಲ್ಲ, ಕಮ್ಮಿಯಿಲ್ಲ ಎಂಬ ಹೆಸರಿನವನು
ಸೋಪಿನ ಪುಡಿಯ ಮಾತು ನಂಬುತ್ತಾನೆಯೇ?
ಎರಡು ಪೊಟ್ಟಣ, ಒಂದು ಸೀಸೆ ತಂದ.
ಹಳೇ ಬನಿಯನ್ ಮೂರು ಚೂರು ಮಾಡಿ
ಒಂದೊಂದರಲ್ಲಿ ಒಂದೊಂದು ಒಗೆದು, ಒಣಗಿಸಿ,
ತೋಳಿನ ಒಳಮೈಗೆ ದಾರದಲ್ಲಿ ಕಟ್ಟಿಕೊಂಡು ಮಲಗಿದ.
ಬೆಳಗ್ಗೆ ಕ್ಯಾಲೆಂಡರಿನ ಹಿಂದೆ ಬರೆದ:
ನೀಲಿ ಪೊಟ್ಟಣ, ನವೆ.
ಸೀಸೆ, ನವೆ ಇಲ್ಲ, ಊದಿನಕಡ್ಡಿ ವಾಸನೆ.
ಬಿಳಿ ಪೊಟ್ಟಣ, ಏನೂ ಗೊತ್ತಾಗಲಿಲ್ಲ.
ಗೊತ್ತಾಗದ್ದನ್ನೇ ಆರಿಸಿದ.

ಎದುರುಮನೆ ಸುಂದ್ರವ್ವ ಗೇಟಿನಿಂದಲೇ ನಕ್ಕಳು:
"ಅಂಟುವಾಳ ಇಲ್ವಾ ಅಣ್ಣ, ಇಷ್ಟಕ್ಯಾಕೆ ರಾಮಾಯಣ?"
ಅದನ್ನೂ ನೆನೆಹಾಕಿದ. ಬಿಳಿ ಜಬಲೆ ಟೀ ಬಣ್ಣಕ್ಕೆ ತಿರುಗಿತು.
ಬೈಯಲಿಲ್ಲ. ಅದನ್ನೂ ಬರೆದುಕೊಂಡ.

ನಮ್ಮ ಬೀದಿಯ ಬೋರಿನ ನೀರಿಗೆ ನೊರೆಯೇ ಬರದು.
ದಿನ ಬಿಟ್ಟು ದಿನ ನಲ್ಲಿಗೆ ಬರುವ ಕಾವೇರಿಯನ್ನು
ಬಕೆಟ್ಟಿಗೆ, ಕೊಳದಪ್ಪಲೆಗೆ, ಕೊನೆಗೆ ಇಡ್ಲಿ ಪಾತ್ರೆಗೂ ತುಂಬಿ
"ಇದು ಮಗೀನ ಪಾಲು" ಅಂತ ತಟ್ಟೆ ಮುಚ್ಚಿದ.
ತನ್ನ ತಲೆಗೆ ಬೋರಿನ ನೀರು ಸುರಿದುಕೊಂಡ.
ಕೂದಲು ತೆಂಗಿನ ನಾರಾಯಿತು.

ಒಗೆದರೆ ಮುಗಿಯಿತೇ? ಇದು ಫ್ಯಾಕ್ಟರಿ ಕಬ್ಬು ಅರೆಯುವ ಕಾಲ.
ಮಹಡಿಯ ಮೇಲೆ ಕಪ್ಪು ಬೂದಿ
ಎಳ್ಳು ಚೆಲ್ಲಿದ ಹಾಗೆ ಇಳಿಯುತ್ತದೆ.
ಅಪ್ಪ ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿಯುತ್ತಾನೆ:
"ಈಗ ಆ ಕಡೀಕೆ ಉಗೀತಾದೆ, ಎರಡು ಗಂಟೆ ಟೈಮೈತೆ."
ಅಂಗೈಯಗಲದ ಅಂಗಿಗಳನ್ನು ಹಿಂಡದೆ
(ಹಿಂಡಿದರೆ ಮಗು ಮೈ ತಿರುಚುತ್ತದಂತೆ)
ಒಂದೊಂದನ್ನೂ ನಿಧಾನ ಹರವುತ್ತಾನೆ,
ಅನ್ನ ಕೊಟ್ಟ ಚಿಮಣಿಯ ಮೇಲೆ ಒಂದು ಕಣ್ಣಿಟ್ಟು.
ಅವ್ವ ಇದೇ ಬೂದಿಯನ್ನು
ಅವನ ಬಿಳಿ ಷರಟುಗಳಿಂದ
ಎಷ್ಟು ಸಲ ಕೊಡವಿದ್ದಳೋ, ಲೆಕ್ಕ ಬರೆದಿಟ್ಟವರಿಲ್ಲ.

ತಿಂಗಳು ತುಂಬುವ ಹೊತ್ತಿಗೆ ಒಂದು ಸಂಜೆ
ಮಬ್ಬಾಗುವ ಮುಂಚೆ ಬಟ್ಟೆ ಒಳಗೆ ತಂದು ಮಡಚುತ್ತಿದ್ದ.
ಅವ್ವನ ತಿಳಿಹಸಿರು ವಾಯಿಲ್ ಸೀರೆ ಹರಿದು
ನಾನೇ ಮಾಡಿದ ಚೌಕಗಳು.
ಒಂದರ ನೂಲು ಅವನ ಬೆರಳಿಗೆ ಸಿಕ್ಕಿಕೊಂಡಿತು.
ಬೆರಳ ತುದಿ ಬೇಸಿಗೆಯ ಗದ್ದೆಯ ಹಾಗೆ ಬಿರಿದಿತ್ತು.
ಕೊಬ್ಬರಿ ಎಣ್ಣೆ ತಂದೆ. ಹಚ್ಚಿಕೊಳ್ಳಲಿಲ್ಲ,
ಕೈಯನ್ನೇ ನೋಡುತ್ತ ಕೂತ.

"ನಿಮ್ಮವ್ವ ರಾತ್ರಿ ಹೊತ್ತು
ಬೆರಳಿಗೆ ಮೇಣ ಕರಗಿಸಿ ಬಿಟ್ಕಳೋಳು.
ಯಾಕೆ ಅಂತ ನಾನು ಕೇಳ್ನಿಲ್ಲ ಕಣ್ ಮಗ."

ನಾನೂ ಕೇಳಿರಲಿಲ್ಲ.
ನನ್ನ ಶಾಲೆಯ ಲಂಗದ ನೆರಿಗೆ ನೆರಿಗೆಯನ್ನೂ
ಅದೇ ಬೆರಳುಗಳು ಉಜ್ಜಿದ್ದವು.
"ಅವ್ವ ಒಗೆಯೋ ಬಾರ್ ಸೋಪು ಯಾವ ಬಣ್ಣದ್ದಪ್ಪ?"
ನೀಲಿ ಅಂದ. ಸ್ವಲ್ಪ ಹೊತ್ತು ಬಿಟ್ಟು, ಹಳದಿ ಇರಬೇಕು ಅಂದ.
ನನಗೆ ಎರಡೂ ಅಲ್ಲ ಅನ್ನಿಸಿತು.

ತೊಟ್ಟಿಲಲ್ಲಿ ಮಗು ಕಾಲು ಝಾಡಿಸಿ
ತಿಳಿಹಸಿರನ್ನು ಬೆಚ್ಚಗೆ ಒದ್ದೆ ಮಾಡಿತು.
ಅಪ್ಪ ಮಂಡಿ ಹಿಡಿದು ಎದ್ದ,
ತಟ್ಟೆ ಸರಿಸಿ
ಕಾವೇರಿ ಇನ್ನೆಷ್ಟು ಉಳಿದಿದೆ ಎಂದು ಬಗ್ಗಿ ನೋಡಿದ.